ಐದು ಮೀಟರ್ ಕಡಲು

ಇವತ್ತು ಮೈಸೂರಿನ ಅರಸು ರಸ್ತೆಯಲ್ಲಿ ಐದು ಮೀಟರ್ ನೀಲಿ ಲೈನಿಂಗ್ ಬಟ್ಟೆ ತಗೊಂಡಿದ್ದಾಯ್ತು. ಶನಿವಾರ ಪುಟಾಣಿಗಳ ಸಮುದ್ರ ನೃತ್ಯ, ಈ ಬಟ್ಟೆಯೇ ಅಲೆ.

ಸ್ಯಾಟಿನ್ ಬೇಡವೇ ಬೇಡ. ಮಿಂಚುತ್ತೆ ನಿಜ, ಆದ್ರೆ ಕೈಯಲ್ಲಿ ನಿಲ್ಲಲ್ಲ. ನಯವಾದ ನೆಲದ ಮೇಲೆ ಕಾಲಡಿ ಸಿಕ್ಕಿತೋ, ಮಗು ಧೊಪ್ಪಂತ ಬೀಳುತ್ತೆ. ತೆಳು ಲೈನಿಂಗ್ ಗಾಳಿ ಹಿಡಿದು ಉಬ್ಬುತ್ತೆ.

ಬಟ್ಟೆಯ ಉದ್ದಕ್ಕೆ ಆ ಕಡೆ ನಾಲ್ಕು, ಈ ಕಡೆ ನಾಲ್ಕು ಮಕ್ಕಳು. ಮೂಲೆಗಳಲ್ಲಿ ದೊಡ್ಡವರು, ಇಲ್ಲಾಂದ್ರೆ ಎಲ್ಲಾ ಒಂದೇ ಕಡೆ ಎಳೀತಾರೆ.
ನಾಲ್ಕು ಎಣಿಕೆಗೆ ಮೇಲೆ, ನಾಲ್ಕಕ್ಕೆ ಕೆಳಗೆ. ಎಂಟು ಎಣಿಕೆಯ ಆದಿತಾಳದ ಒಂದು ಆವರ್ತ, ಅಂದ್ರೆ ಒಂದು ಸುತ್ತು, ಲೆಕ್ಕ ಸರಿಹೋಯ್ತು. ಎರಡೆರಡಕ್ಕೆ ಏರಿಳಿಸಿದ್ರೆ ಪುಟ್ಟ ತೋಳು ಹಿಂದೆ ಬೀಳುತ್ತೆ, ಅಲೆ ಹೋಗಿ ಹಗ್ಗಜಗ್ಗಾಟ.

ಮೀನಿಗೆ ಭರತನಾಟ್ಯದ ಕೈಮುದ್ರೆ ಮತ್ಸ್ಯ ಹಸ್ತ ಸಾಕು: ಕವುಚಿದ ಒಂದು ಕೈಯ ಬೆನ್ನ ಮೇಲೆ ಇನ್ನೊಂದು ಅಂಗೈ ಕವುಚಿ, ಹೆಬ್ಬೆರಳು ಎರಡೂ ಆಡಿಸೋದು. ನಾಲ್ಕು ವರ್ಷದವರಿಗೂ ಬರುತ್ತೆ. ಆಮೆ ತೋರಿಸೋ ಕೂರ್ಮ ಹಸ್ತ ಈ ವಯಸ್ಸಿಗೆ ಬೇಡ, ಬೆರಳು ಮಡಚಿ ಕೂರಿಸೋದ್ರಲ್ಲೇ ಹಾಡು ಮುಗಿದಿರುತ್ತೆ.

ಏಡಿ ನಡಿಗೆಗೆ ಎಲ್ಲರ ಮುಖ ಒಂದೇ ದಿಕ್ಕಿಗೆ ಇರಲಿ. ಎದುರುಬದುರು ನಿಲ್ಲಿಸಿದ್ರೆ ಒಬ್ಬರನ್ನ ನೋಡಿ ಒಬ್ಬರು ಗೊಂದಲ. ಸಾಲಿಗೊಂದು ಸೀಮೆಸುಣ್ಣದ ಗೆರೆ.
ಜೆಲ್ಲಿ ಮೀನಿಗೆ ಹಳೇ ಪ್ಲಾಸ್ಟಿಕ್ ಬಳೆಗೆ ಆರು ರಿಬ್ಬನ್, ಮೊಣಕಾಲಷ್ಟೇ ಉದ್ದ. ಕಡ್ಡಿಗೆ ಕಟ್ಟಬೇಡಿ, ಕಣ್ಣಿಗೆ ಅಪಾಯ.
ಸೋಪಿನ ಗುಳ್ಳೆ ಕೊನೇಲಿ, ಅದೂ ಅಂಗಳದಲ್ಲಿ. ಒಳಗೆ ಊದಿದ್ರೆ ನೆಲವೆಲ್ಲ ಜಾರು.

ಕೆಆರ್‌ಎಸ್ ಹಿನ್ನೀರನ್ನೇ ಸಮುದ್ರ ಅಂದ್ಕೊಂಡಿರೋ ಮಕ್ಕಳು ಇವರು. ಅಲೆ ದಡಕ್ಕೆ ಬಂದು ಮತ್ತೆ ಹಿಂದಕ್ಕೆ ಹೋಗುತ್ತೆ ಅನ್ನೋದನ್ನ ಮೈಯಲ್ಲೇ ಕಲೀಲಿ ಅಂತ ಆಸೆ.

ನೀಲಿ ದುಪಟ್ಟಾ ಇದ್ದೋರು ಕಳಿಸಿಕೊಡಿ. ಜರಿ ಇರೋದು ಬೇಡ, ಚುಚ್ಚುತ್ತೆ.