ಕೋಡಿ ನೀರು, ದೊಡ್ಡಪ್ಪನ ಟರ್ಬೈನ್

ನನ್ನ ಕೆಲಸ ಏನು ಅಂತ ಹೇಳಿದರೆ ನಮ್ಮೂರಲ್ಲಿ ಮೊದಲು ನಗುತ್ತಾರೆ. ಸಾವಿರ ಅಡಿ ಬೋರ್ ಕೊರೆಸಿದರೂ ಬರೀ ಧೂಳು ಏಳುವ ಬಂಗಾರಪೇಟೆ ಕಡೆಯವನು, ಮಲೆನಾಡಿಗೆ ಹೋಗಿ ನೀರಿನಿಂದ ಕರೆಂಟ್ ಮಾಡ್ತಾನಂತೆ! ಕಿರು ಜಲವಿದ್ಯುತ್ ಘಟಕಗಳಲ್ಲಿ ಸೈಟ್ ಎಂಜಿನಿಯರ್ ನಾನು. ಹಳ್ಳದ ನೀರು ಅಳೆಯುವುದು, ಸಣ್ಣ ಒಡ್ಡು ಹಾಕಿಸುವುದು, ಗುಡ್ಡದ ಮೇಲಿಂದ ಪೈಪ್ ಇಳಿಸುವುದು, ಹೀಗೆ.

2021ರ ನವೆಂಬರ್‌ನಲ್ಲಿ ಆ ನಗು ನಿಂತಿತು. ಆ ತಿಂಗಳು ಕೋಲಾರ, ಚಿಕ್ಕಬಳ್ಳಾಪುರ ಕಡೆ ಹಿಡಿದ ಮಳೆ ಬಿಡಲೇ ಇಲ್ಲ. ಹೊಲದಲ್ಲೇ ರಾಗಿ ಮೊಳಕೆ ಒಡೆಯಿತು. ಆದರೆ ನಮ್ಮೂರ ಕೆರೆ ತುಂಬಿ ಕೋಡಿ ಹೋಯಿತು. ನಾನು ರಜೆಗೆ ಬಂದಿದ್ದೆ. ಬೆಳಿಗ್ಗೆ ಕಾಫಿ ಕುಡಿಯುವುದಕ್ಕೂ ಬಿಡದೆ ದೊಡ್ಡಪ್ಪ ಕೆರೆ ಏರಿ ಮೇಲೆ ಕರೆದುಕೊಂಡು ಹೋದರು. ಅಷ್ಟರಲ್ಲಿ ಹೆಂಗಸರು ತಂಬಿಟ್ಟಿನ ದೀಪ ಹೊತ್ತು ತಂದು ಗಂಗಮ್ಮನ ಪೂಜೆ ಮುಗಿಸಿದ್ದರು. ಹುಡುಗರು ಕೋಡಿ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

“ಏನಪ್ಪಾ, ಮಲೆನಾಡೋರಿಗೆಲ್ಲ ಕರೆಂಟ್ ಮಾಡಿಕೊಡ್ತೀಯ, ನಮ್ಮ ಕೋಡಿ ನಿನ್ನ ಕಣ್ಣಿಗೆ ಕಾಣಲ್ವಾ? ಒಂದು ಟರ್ಬೈನ್ ಇಟ್ಟುಬಿಡು. ಬೀದಿ ದೀಪಕ್ಕಾದರೂ ಆಗುತ್ತೆ” ಅಂದರು.

ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು. ಸುತ್ತ ಹತ್ತಾರು ಜನ ಸೇರಿದರು. ಸುಮ್ನೆ ‘ಆಗಲ್ಲ’ ಅಂದರೆ ಯಾರು ಒಪ್ಪುತ್ತಾರೆ? ಅಳೆದೇ ಬಿಡೋಣ ಅಂದುಕೊಂಡು ಮನೆಯಿಂದ ಟೇಪ್ ತರಿಸಿದೆ. ನೀರಿನ ವೇಗ ನೋಡುವುದಕ್ಕೆ ಪೂಜೆಯ ತಟ್ಟೆಯಲ್ಲಿ ಉಳಿದಿದ್ದ ನಿಂಬೆಹಣ್ಣು ಕೇಳಿ ಪಡೆದೆ. ನಿಂಬೆಹಣ್ಣು ಬಹಳ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಹೆಚ್ಚು ಭಾಗ ಮುಳುಗಿಯೇ ತೇಲುವುದರಿಂದ ಗಾಳಿ ಅದನ್ನು ತಳ್ಳುವುದಿಲ್ಲ. ಕೆಸರು ನೀರಲ್ಲೂ ಹಳದಿ ಎದ್ದು ಕಾಣುತ್ತದೆ. ಕೋಡಿ ಕೆಳಗೆ ಕಾಲುವೆ ನೇರವಾಗಿದ್ದ ಕಡೆ 10 ಮೀಟರ್ ಗುರುತು ಮಾಡಿದೆವು. ಮೇಲಿನ ತುದಿಯಲ್ಲಿ ಹಣ್ಣು ಬಿಟ್ಟೆ. ಕೆಳಗಿನ ತುದಿಯಲ್ಲಿ ಒಬ್ಬ ಹುಡುಗ ಮೊಬೈಲ್ ಹಿಡಿದು “ಬಂತಣ್ಣಾ!” ಅಂತ ಕೂಗಿದ. ಹತ್ತು ಸೆಕೆಂಡು.

ಮೇಲ್ಗಡೆ ನೀರು ಜೋರಾಗಿ ಓಡುತ್ತದೆ, ತಳದ್ದು ನಿಧಾನ. ಅದಕ್ಕೇ ಆ ವೇಗದಲ್ಲಿ ಐದರಲ್ಲಿ ನಾಲ್ಕು ಪಾಲು ಮಾತ್ರ ಲೆಕ್ಕಕ್ಕೆ. ಕಾಲುವೆ ಅಗಲ 5 ಮೀಟರ್, ಆಳ ಅರ್ಧ ಮೀಟರ್. ಸೆಕೆಂಡಿಗೆ ಸುಮಾರು 2,000 ಲೀಟರ್ ಬಂತು. ಅಂದರೆ 2 ಕ್ಯೂಮೆಕ್, ಸೆಕೆಂಡಿಗೆ 2 ಘನ ಮೀಟರ್. ಕೋಡಿಯಿಂದ ಹಳ್ಳಕ್ಕೆ ಇಳಿತ 3 ಮೀಟರ್. ಭೂಮಿಯ ಸೆಳೆತದ 9.8ನ್ನು ನೀರಿನ ಈ 2ರಿಂದಲೂ ಇಳಿತದ 3ರಿಂದಲೂ ಗುಣಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 59 ಬಂತು. ಟರ್ಬೈನ್, ಜನರೇಟರ್‌ಗಳಲ್ಲಿ ಹೋಗುವುದನ್ನು ಕಳೆದು 40 ಅಂದೆ.

“ನಲವತ್ತು ಕಿಲೋವ್ಯಾಟಾ? ಊರಿಗೆಲ್ಲ ಆಗಿ ಮಿಗುತ್ತಲ್ಲೋ!” ದೊಡ್ಡಪ್ಪನ ಮುಖ ಅರಳಿತು. ಲೆಕ್ಕ ಸುಳ್ಳಲ್ಲ. 40 ವ್ಯಾಟಿನ ಸಾವಿರ ಬಲ್ಬು ಉರಿಸಬಹುದು.

ಪಕ್ಕದಲ್ಲೇ ನೀರುಗಂಟಿ ತಾತ ಬೀಡಿ ಸೇದುತ್ತಾ ನಿಂತಿದ್ದರು. ಎಷ್ಟೋ ವರ್ಷ ಈ ಕೆರೆಯ ತೂಬು ಎತ್ತಿ ಇಳಿಸಿದವರು. “ತಾತ, ಇದಕ್ಕೆ ಮುಂಚೆ ಕೋಡಿ ಹೋಗಿದ್ದು ಯಾವಾಗ?” ಅಂತ ಕೇಳಿದೆ. ಅವರು ಮೀಸೆ ನರೆತ ಒಬ್ಬರ ಕಡೆ ಬೆರಳು ಮಾಡಿ, “ಇವನಿಗಿನ್ನೂ ಮೀಸೆ ಬಂದಿರಲಿಲ್ಲ” ಅಂದರು. ಮಳೆ ನಿಂತ ಮೇಲೆ ಎಷ್ಟು ದಿನ ಹರಿಯುತ್ತೆ? “ಎಂಟೋ ಹತ್ತೋ. ಆಮೇಲೆ ಕೋಡಿ ಮೇಲೆ ಮೇಕೆ ಓಡಾಡ್ತವೆ.”

ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಇದನ್ನೇ. ಹಳ್ಳ ಜೋರಾಗಿರುವಾಗ ಎಷ್ಟು ಬರುತ್ತದೆ ಅನ್ನುವುದು ಫೋಟೋಗೆ ಸರಿ. ವರ್ಷದಲ್ಲಿ ಎಷ್ಟು ತಿಂಗಳು, ಕನಿಷ್ಠ ಎಷ್ಟು ಬರುತ್ತದೆ ಅನ್ನುವುದರ ಮೇಲೆ ಬ್ಯಾಂಕು ಸಾಲ ಕೊಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಆದರೂ ಆ ಸೀಮೆಯ ಎಷ್ಟೋ ಕಿರು ಘಟಕಗಳು ಮಾರ್ಚ್, ಏಪ್ರಿಲ್‌ನಲ್ಲಿ ಬಾಗಿಲು ಹಾಕಿಕೊಂಡಿರುತ್ತವೆ. ಕೋಲಾರದ ಮಳೆ ಅದರ ಹತ್ತರಲ್ಲೊಂದು ಪಾಲು. ಇಳಿತವೂ ನಮ್ಮ ಪರವಾಗಿಲ್ಲ. ನೂರು ಮೀಟರ್ ಮೇಲಿಂದ ಬೀಳುವ ನೀರು ಸ್ವಲ್ಪವೇ ಇದ್ದರೂ ಧಾರೆ ಬಡಿದು ತಿರುಗುವ ಸಣ್ಣ ಪೆಲ್ಟನ್ ಚಕ್ರಕ್ಕೆ ಸಾಕು. 3 ಮೀಟರ್‌ಗೆ ರಾಶಿ ನೀರು ಬೇಕು, ಅಷ್ಟು ನೀರು ನುಂಗುವ ದೊಡ್ಡ ಯಂತ್ರವೂ ಬೇಕು. ಇನ್ನು ಕಸ ತಡೆಯುವ ಜಾಲರಿ. ಮಲೆನಾಡಲ್ಲಿ ಅದಕ್ಕೆ ಎಲೆ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಗುಟ್ಕಾ ಕವರ್.

ದೊಡ್ಡಪ್ಪ ಅಷ್ಟಕ್ಕೆ ಬಿಡಲಿಲ್ಲ. ಅವರ ತಾತ ಕೆಜಿಎಫ್ ಗಣಿಯಲ್ಲಿ ದುಡಿದವರು. “ಬೆಂಗಳೂರಿಗಿಂತ ಮೊದಲು ಕರೆಂಟ್ ಬಂದಿದ್ದು ನಮ್ಮ ಜಿಲ್ಲೆಗೆ, ಗೊತ್ತಾ? ಅದೂ ನೀರಿಂದಲೇ!” ಅಂದರು. ನಿಜವೇ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಚಿನ್ನದ ಗಣಿಗೆ ಕರೆಂಟ್ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಶಿವನಸಮುದ್ರದಲ್ಲಿ ಮೊದಲು ಕೂರಿಸಿದ್ದು 720 ಕಿಲೋವ್ಯಾಟಿನ ಆರು ಯಂತ್ರ. ಒಟ್ಟು 4.3 ಮೆಗಾವ್ಯಾಟ್. ಈಗ ನಮ್ಮ ದೇಶದಲ್ಲಿ 25 ಮೆಗಾವ್ಯಾಟ್‌ವರೆಗೂ ಕಿರು ಅಂತಲೇ ಲೆಕ್ಕ. ಹಾಗೆ ನೋಡಿದರೆ ಕೆಜಿಎಫ್ ಬೆಳಗಿದ್ದು ಒಂದು ಕಿರು ಘಟಕದಿಂದ.

“ಅದು ಕಾವೇರಿ, ದೊಡ್ಡಪ್ಪ. ಆದ್ರೂ ಬೇಸಿಗೆಯಲ್ಲಿ ನೀರು ಸಾಲ್ತಿರಲಿಲ್ಲ” ಅಂದೆ. ಗಣಿ ವರ್ಷಪೂರ್ತಿ ನಡೆಯಬೇಕಿತ್ತು, ಪಂಪು ನಿಂತರೆ ಸುರಂಗಕ್ಕೆ ನೀರು ನುಗ್ಗುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರು ಮಾಡಿದ್ದಕ್ಕೆ ಗದ್ದೆಗಳ ಜೊತೆ ಇದೂ ಒಂದು ಕಾರಣ. ಬೇಸಿಗೆಯಲ್ಲೂ ಶಿವನಸಮುದ್ರಕ್ಕೆ ಒಂದೇ ಸಮ ನೀರು ಬಿಡಬೇಕಿತ್ತು. ಕನ್ನಂಬಾಡಿ ಹೆಸರು ಕೇಳಿ ದೊಡ್ಡಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿದರು.

“ಹಾಗಾದ್ರೆ ಈ ನೀರು ಏನು ಮಾಡೋದು?”

ಉತ್ತರ ಕೊಟ್ಟವರು ನೀರುಗಂಟಿ ತಾತ. “ಭತ್ತ ಹಾಕೋದು. ಮೊದಲು ತೂಬು ರಿಪೇರಿ ಮಾಡಿಸ್ರಪ್ಪ, ಸೋರ್ತಾ ಇದೆ.” ಅಷ್ಟರಲ್ಲಿ ಯಾರೋ ಮೀನಿನ ಹರಾಜಿನ ವಿಷಯ ತೆಗೆದರು. ಈ ಸಲ ದುಡ್ಡು ಪಂಚಾಯಿತಿಗೋ ದೇವಸ್ಥಾನಕ್ಕೋ ಅಂತ ಶುರುವಾದ ಜಗಳ ಏರಿ ಇಳಿದು ಅರಳಿಕಟ್ಟೆವರೆಗೂ ಬಂತು. ದೊಡ್ಡಪ್ಪ ದೇವಸ್ಥಾನದ ಪರ.