ಕನ್ಯಾಪೊರೆ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ

ಮದುವೆಯ ಕಾಲ ಶುರುವಾಯಿತೆಂದರೆ ನನ್ನಂಥ ಸ್ತ್ರೀರೋಗ ತಜ್ಞರ ಬಳಿಗೆ ಒಂದೇ ಪ್ರಶ್ನೆ ಹಲವು ವೇಷ ತೊಟ್ಟು ಬರುತ್ತದೆ. ಮಗಳು ಚಿಕ್ಕಂದಿನಿಂದ ಕಬಡ್ಡಿ ಆಡಿದವಳು, ಏನಾದರೂ ತೊಂದರೆಯಾಗಿರಬಹುದೇ ಎಂದು ತಾಯಿ ದನಿ ತಗ್ಗಿಸಿ ಕೇಳುತ್ತಾರೆ. ಹೊಸದಾಗಿ ಮದುವೆಯಾದ ಹುಡುಗಿ, ರಕ್ತ ಬರಲಿಲ್ಲ ಎಂದಷ್ಟೇ ಹೇಳಿ ಮುಂದಿನ ಮಾತು ಆಡಲಾರದೆ ಕೂರುತ್ತಾಳೆ. ಇಂಥವರಿಗೆಲ್ಲ ಸಮಾಜವೂ, ನಮ್ಮ ವೃತ್ತಿಯ ಅನೇಕರೂ ಕೊಡುತ್ತ ಬಂದಿರುವ ಸಮಾಧಾನವೊಂದಿದೆ: ಸೈಕಲ್ ತುಳಿಯುವಾಗಲೋ ಆಟವಾಡುವಾಗಲೋ ಪೊರೆ ಹರಿದಿರಬಹುದು, ಚಿಂತೆ ಬೇಡ. ಕರುಣೆಯಿಂದ ಹುಟ್ಟಿದ ಮಾತಾದರೂ ಈ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಹುಡುಗಿಯ ಮೈಯಲ್ಲಿ ಮುದ್ರೆಯೊಂದಿರುತ್ತದೆ, ಅದು ಒಡೆಯುತ್ತದೆ, ಒಡೆದದ್ದನ್ನು ಯಾರಾದರೂ ನೋಡಿ ಹೇಳಬಹುದು ಎಂಬ ನಂಬಿಕೆಯನ್ನು ಅದು ಹಾಗೆಯೇ ಉಳಿಸಿ, ಒಡೆದುದಕ್ಕೆ ಮರ್ಯಾದೆಯ ಕಾರಣವೊಂದನ್ನು ಹುಡುಕಿಕೊಡುತ್ತದೆ, ಅಷ್ಟೇ.

ಕನ್ಯಾಪೊರೆ ಇರುವುದು ಯೋನಿಯ ಒಳಗೆಲ್ಲೋ ಅಲ್ಲ, ಅದರ ದ್ವಾರದ ಅಂಚಿನಲ್ಲೇ. ಬಾಯಿಯ ಒಳಭಾಗದಲ್ಲಿರುವಂಥದೇ ತೇವದ ಲೋಳೆಪೊರೆ ಇಲ್ಲಿ ತೆಳುವಾದ ಮಡಿಕೆಯಾಗಿ, ಲಂಗದ ನೆರಿಗೆಯಂತೆ ದ್ವಾರದ ಸುತ್ತಲೂ ಕೂಡಿಕೊಂಡಿರುತ್ತದೆ. ನಡುವೆ ತೆರೆದೇ ಇರುತ್ತದೆ. ತೆರೆದಿರದಿದ್ದರೆ ಮುಟ್ಟಿನ ರಕ್ತ ಹೊರಬರುವುದಾದರೂ ಎಲ್ಲಿಂದ ಎಂದು ಯಾರಾದರೂ ಒಂದು ಗಳಿಗೆ ಯೋಚಿಸಿದ್ದರೆ, ಮುಚ್ಚಿದ ಪರದೆಯ ಕಲ್ಪನೆ ಇಷ್ಟು ಕಾಲ ಬಾಳುತ್ತಿರಲಿಲ್ಲ. ಗರ್ಭದಲ್ಲಿ ಹೆಣ್ಣು ಭ್ರೂಣ ಬೆಳೆಯುವಾಗ ಯೋನಿಯ ನಾಳವು ಎರಡು ಬೇರೆ ಬೇರೆ ಅಂಗಾಂಶಗಳು ಕೂಡಿ ರೂಪುಗೊಳ್ಳುತ್ತದೆ, ಅವು ಸೇರುವ ಜಾಗದಲ್ಲಿ ಉಳಿಯುವ ಅಂಚೇ ಈ ಪೊರೆ. ಇದಕ್ಕೆ ಗೊತ್ತಾದ ಕೆಲಸವೇನೂ ಇದ್ದಂತಿಲ್ಲ. ಕೆಲವರಲ್ಲಿ ಅದು ಪೂರ್ತಿ ಬಳೆಯಾಕಾರದಲ್ಲಿರುತ್ತದೆ, ಕೆಲವರಲ್ಲಿ ಅರ್ಧಚಂದ್ರಾಕಾರದಲ್ಲಿ ಕೆಳಭಾಗದಲ್ಲಿ ಮಾತ್ರ ಇರುತ್ತದೆ. ನಡುವೆ ಅಡ್ಡಪಟ್ಟಿಯೊಂದಿದ್ದು ಎರಡು ಕಿಂಡಿಗಳಾಗಿರುವುದೂ, ಸಣ್ಣ ಸಣ್ಣ ತೂತುಗಳಿರುವುದೂ ಉಂಟು. ಅಂಚಿನಲ್ಲಿ ಹುಟ್ಟಿನಿಂದಲೇ ಕಚ್ಚುಗಳಿರುವುದು ಅಪರೂಪವಲ್ಲ, ಇಂಥ ಕಚ್ಚನ್ನು ನೋಡಿ ‘ಹರಿದಿದೆ’ ಎಂದು ಬರೆದ ವೈದ್ಯರಿಗೂ ಕೊರತೆಯಿಲ್ಲ.

ವಯಸ್ಸಿನೊಂದಿಗೆ ಅದು ಬದಲಾಗುವ ರೀತಿ ಇನ್ನೂ ಮುಖ್ಯವಾದದ್ದು. ನವಜಾತ ಹೆಣ್ಣುಮಗುವಿನಲ್ಲಿ ತಾಯಿಯಿಂದ ಬಂದ ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನಿನ ಪ್ರಭಾವದಿಂದ ಪೊರೆ ದಪ್ಪಗಿರುತ್ತದೆ, ಬಾಲ್ಯದಲ್ಲಿ ತೆಳುವಾಗಿ ಮುಟ್ಟಿದರೆ ನೋಯುವಂತಾಗುತ್ತದೆ, ಮೈನೆರೆಯುವ ಹೊತ್ತಿಗೆ ದೇಹವೇ ಈಸ್ಟ್ರೋಜೆನ್ ಉತ್ಪಾದಿಸತೊಡಗಿದಂತೆ ಮತ್ತೆ ದಪ್ಪಗಾಗಿ, ಮೃದುವಾಗಿ, ಹಿಗ್ಗುವ ಗುಣ ಪಡೆಯುತ್ತದೆ. ಎಂದರೆ, ಮದುವೆಯ ವಯಸ್ಸಿಗೆ ಬಂದ ಹೆಣ್ಣಿನಲ್ಲಿ ಅದು ಹಿಗ್ಗಿ ಮತ್ತೆ ತನ್ನ ಜಾಗಕ್ಕೆ ಮರಳಬಲ್ಲದು. ಅದರಲ್ಲಿ ರಕ್ತನಾಳಗಳು ಹೆಚ್ಚಿಲ್ಲ. ಸಣ್ಣ ಗಾಯವಾದರೂ ಬಾಯೊಳಗಿನ ಗಾಯ ಮಾಯುವಷ್ಟೇ ಬೇಗ ಮಾಯುತ್ತದೆ, ಹೆಚ್ಚಿನ ಸಲ ಕಲೆಯನ್ನೂ ಉಳಿಸುವುದಿಲ್ಲ. ಮೊದಲ ಕೂಟದಲ್ಲಿ ಬಹಳಷ್ಟು ಹೆಂಗಸರಿಗೆ ರಕ್ತ ಬರುವುದೇ ಇಲ್ಲ. ಬಂದವರಲ್ಲೂ ಅದು ಅನೇಕ ವೇಳೆ ಪೊರೆಯಿಂದ ಬಂದದ್ದಾಗಿರದೆ, ಭಯದಿಂದ ಸ್ನಾಯುಗಳು ಬಿಗಿದು, ತೇವವಿಲ್ಲದೆ, ಗಂಡಿನ ಆತುರದಿಂದ ಯೋನಿಯ ಗೋಡೆ ಗೀರಿ ಬಂದದ್ದಾಗಿರುತ್ತದೆ. ಪ್ರಸ್ತದ ರಾತ್ರಿಯ ಬಿಳಿ ಹಾಸಿಗೆಯ ಮೇಲಿನ ಕಲೆ ಏನನ್ನಾದರೂ ಹೇಳುತ್ತದೆಂದರೆ, ಅದು ಆ ರಾತ್ರಿ ಅವಳನ್ನು ನಡೆಸಿಕೊಂಡ ರೀತಿಯನ್ನೇ ಹೊರತು ಅವಳ ಹಿಂದಿನ ಬದುಕನ್ನಲ್ಲ.

2004ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ಅಮೆರಿಕದ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ನಾನು ಕಿರಿಯ ವೈದ್ಯರಿಗೆ ತಪ್ಪದೆ ಹೇಳುತ್ತೇನೆ. ಅದರಲ್ಲಿ ಗರ್ಭಿಣಿಯರಾಗಿದ್ದ 36 ಹದಿಹರೆಯದ ಹುಡುಗಿಯರನ್ನು ಪರೀಕ್ಷಿಸಲಾಗಿತ್ತು. ಸಂಭೋಗ ನಡೆದಿದೆ ಎಂದು ನಿರ್ಣಾಯಕವಾಗಿ ಹೇಳಬಹುದಾದ ಕುರುಹು ಕಂಡದ್ದು ಇಬ್ಬರಲ್ಲಿ ಮಾತ್ರ. ಹೊಟ್ಟೆಯಲ್ಲಿ ಮಗುವಿದ್ದಾಗಲೇ ಪರಿಣತರ ಕಣ್ಣಿಗೆ ಪೊರೆ ‘ಸಹಜ’ವಾಗಿ ಕಂಡಿತೆಂದ ಮೇಲೆ, ಮದುವೆಗೆ ಮುನ್ನ ಹುಡುಗಿಯನ್ನು ‘ನೋಡಿ ಹೇಳಿ’ ಎಂದು ಕರೆತರುವವರಿಗೆ ಯಾವ ವೈದ್ಯರು ಏನು ತಾನೇ ಹೇಳಬಲ್ಲರು? ಈ ಮಾತಿಗೆ ಇನ್ನೊಂದು ಮಗ್ಗುಲಿದೆ, ಅದು ಹೆಚ್ಚು ಕಠೋರವಾದದ್ದು. ದೌರ್ಜನ್ಯಕ್ಕೆ ಒಳಗಾದ ಮಗುವಿನ ವರದಿಯಲ್ಲಿ ‘ಪೊರೆ ಸಹಜವಾಗಿದೆ’ ಎಂದಿದ್ದರೆ ಏನೂ ನಡೆದಿಲ್ಲವೆಂದು ಮನೆಯವರೂ ಪೊಲೀಸರೂ ತಿಳಿಯುವುದುಂಟು. ನಮ್ಮ ಕಾನೂನು ಹಾಗೆ ಹೇಳುವುದಿಲ್ಲ. ಯಾವ ಪ್ರಮಾಣದ ಪ್ರವೇಶವಾದರೂ ಅದು ಅತ್ಯಾಚಾರವೇ, ಗಾಯವಿರಬೇಕೆಂಬ ನಿಯಮವಿಲ್ಲ.

ಸೈಕಲ್ಲಿನ ವಿಷಯಕ್ಕೆ ಬರುವುದಾದರೆ, ತುಳಿದ ಮಾತ್ರಕ್ಕೆ, ಓಡಿದ ಮಾತ್ರಕ್ಕೆ, ಭರತನಾಟ್ಯ ಕಲಿತ ಮಾತ್ರಕ್ಕೆ ಪೊರೆ ಹರಿಯುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಕೆಳಗೆ ಬಿದ್ದು ಜನನಾಂಗಕ್ಕೆ ನೇರ ಪೆಟ್ಟಾದರೆ ಗಾಯವಾಗಬಹುದು, ಆಗಲೂ ಹೆಚ್ಚಾಗಿ ಪೆಟ್ಟು ಬೀಳುವುದು ಹೊರಭಾಗಕ್ಕೆ. ಮುಟ್ಟಿನ ಕಪ್‌ ಬಗ್ಗೆಯೂ ಇದೇ ಭಯ, ಅದನ್ನು ಯೋನಿಯೊಳಗೆ ಇಟ್ಟುಕೊಳ್ಳಬೇಕಲ್ಲ. ಶುಚಿ ಯೋಜನೆಯಡಿ ಸರ್ಕಾರ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳ ವಿದ್ಯಾರ್ಥಿನಿಯರಿಗೆ ಕಪ್ ವಿತರಿಸಲು ಹೊರಟಾಗಲೂ ‘ಮದುವೆಯಾಗದವರು ಬಳಸಬಹುದೇ’ ಎಂದು ಕೇಳಿದವರಿದ್ದರು. ಬಳಸಬಹುದು. ಮೊದಮೊದಲು ಇರುಸುಮುರುಸಾದರೆ ಚಿಕ್ಕ ಅಳತೆಯದನ್ನು ಆರಿಸಿಕೊಂಡರೆ ಸಾಕು.

ಪೊರೆಯಿಂದ ನಿಜವಾಗಿಯೂ ಆರೋಗ್ಯದ ತೊಂದರೆಯಾಗುವುದು ಅಪರೂಪಕ್ಕೆ, ಅದು ಪೂರ್ತಿ ಮುಚ್ಚಿಕೊಂಡಿದ್ದಾಗ. ಇಂಥ ಹುಡುಗಿಯರು ಸಾಮಾನ್ಯವಾಗಿ ಹದಿಮೂರು, ಹದಿನಾಲ್ಕರ ವಯಸ್ಸಿನವರು. ಮೈ ತುಂಬಿಕೊಂಡಿದ್ದರೂ ಮುಟ್ಟಾಗಿರುವುದಿಲ್ಲ, ತಿಂಗಳಿಗೊಮ್ಮೆ ಕಿಬ್ಬೊಟ್ಟೆ ಹಿಂಡಿದಂತೆ ನೋಯುತ್ತದೆ, ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ, ಕೊನೆಗೆ ಮೂತ್ರ ಕಟ್ಟಿದಾಗ ಆಸ್ಪತ್ರೆಗೆ ಬರುತ್ತಾರೆ. ನಾನು ನೋಡಿದ ಹುಡುಗಿಯೊಬ್ಬಳಿಗೆ ಕಾಲು ನೀಡಿ ಮಲಗಲೂ ಆಗುತ್ತಿರಲಿಲ್ಲ. ಪರೀಕ್ಷಿಸಿದರೆ ಯೋನಿದ್ವಾರದಲ್ಲಿ ನೀಲಿಗಟ್ಟಿದ ಪೊರೆ ಉಬ್ಬಿಕೊಂಡಿತ್ತು. ಹಲವು ತಿಂಗಳ ಮುಟ್ಟು ಅದರ ಹಿಂದೆ ನಿಂತಿತ್ತು. ಅರಿವಳಿಕೆ ಕೊಟ್ಟು ಚಿಕ್ಕದಾಗಿ ಕೊಯ್ದಾಗ ಕಪ್ಪು ಕಂದುಬಣ್ಣದ ಮಂದ ರಕ್ತ ಹರಿದುಬಂತು, ಹೊಟ್ಟೆ ತಗ್ಗಿತು. ಶಸ್ತ್ರಚಿಕಿತ್ಸೆಗೆ ಸಹಿ ಹಾಕುವ ಮುನ್ನ ಅವಳ ತಂದೆ ಕೇಳಿದ್ದು ಒಂದೇ ಮಾತು: “ಮೇಡಂ, ನಾಳೆ ಮದುವೆ ಹೊತ್ತಿಗೆ ಯಾರಾದ್ರೂ ಕೇಳಿದ್ರೆ ತೋರ್ಸೋಕೆ ಒಂದು ಸರ್ಟಿಫಿಕೇಟ್ ಕೊಡ್ತೀರಾ?” ಮಗಳ ನೋವಿನ ಬಗ್ಗೆ ಅವರಿಗೆ ಕಾಳಜಿಯಿರಲಿಲ್ಲ ಎಂದು ನಾನು ಹೇಳಲಾರೆ, ರಾತ್ರಿಯಿಡೀ ವಾರ್ಡಿನ ಹೊರಗೆ ನಿಂತವರು ಅವರೇ. ಶಸ್ತ್ರಚಿಕಿತ್ಸೆಯ ವಿವರವಿರುವ ಡಿಸ್ಚಾರ್ಜ್ ಸಾರಾಂಶ ಎಲ್ಲರಿಗೂ ಕೊಡುವಂತೆ ಅವರಿಗೂ ಸಿಕ್ಕಿತು. ಅವರು ಕೇಳಿದ ಸರ್ಟಿಫಿಕೇಟ್ ಕೊಡಲು ಯಾವ ವೈದ್ಯರಿಗೂ ಸಾಧ್ಯವಿಲ್ಲ ಎಂದು ವಿವರಿಸಿ ಹೇಳಿದೆ.

1979ರಲ್ಲಿ ಮದುವೆಗೆಂದು ಭಾರತದಿಂದ ಲಂಡನ್ನಿಗೆ ಹೋದ 35 ವರ್ಷದ ಶಿಕ್ಷಕಿಯೊಬ್ಬರನ್ನು ಹೀಥ್ರೂ ವಿಮಾನ ನಿಲ್ದಾಣದ ವಲಸೆ ಅಧಿಕಾರಿಗಳು ಇದೇ ‘ಪರೀಕ್ಷೆ’ಗೆ ಒಳಪಡಿಸಿದ್ದರು, ಅದೇ ಬ್ರಿಟನ್ನು 2022ರ ಕಾಯ್ದೆಯಲ್ಲಿ ಕನ್ಯತ್ವ ಪರೀಕ್ಷೆಯನ್ನೂ ಪೊರೆಯನ್ನು ಹೊಲಿಯುವ ಶಸ್ತ್ರಚಿಕಿತ್ಸೆಯನ್ನೂ ಅಪರಾಧವಾಗಿಸಿತು. ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಇತರ ಅಂಗಗಳು 2018ರಲ್ಲಿ ಹೇಳಿದವು. ನಮ್ಮಲ್ಲಿ ಅತ್ಯಾಚಾರದ ಪ್ರಕರಣಗಳಲ್ಲಿ ಯೋನಿಯೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ ಸಂತ್ರಸ್ತೆಯ ಖಾಸಗಿತನ ಮತ್ತು ಘನತೆಗೆ ಧಕ್ಕೆ ತರುತ್ತದೆಂದು ಸುಪ್ರೀಂ ಕೋರ್ಟ್ 2013ರಲ್ಲಿಯೇ ಹೇಳಿತ್ತು. 2022ರ ಅಕ್ಟೋಬರ್‌ನಲ್ಲಿ, ಅದನ್ನು ನಡೆಸುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆಂದು ಇನ್ನಷ್ಟು ಖಂಡಿತವಾಗಿ ನುಡಿಯಿತು. 2023ರಲ್ಲಿ ದೆಹಲಿ ಹೈಕೋರ್ಟ್, ಆರೋಪಿ ಮಹಿಳೆಯ ಮೇಲೂ ಕನ್ಯತ್ವ ಪರೀಕ್ಷೆ ನಡೆಸುವುದು ಸಂವಿಧಾನಬಾಹಿರವೆಂದಿತು. ಇಷ್ಟೆಲ್ಲ ಆದ ಮೇಲೂ 2024ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಕನ್ಯತ್ವದ ಲಕ್ಷಣಗಳ ಪಾಠ ಮತ್ತೆ ತಲೆಯೆತ್ತಿತ್ತು. ವಿರೋಧ ಬಂದು ಕೆಲವೇ ದಿನಗಳಲ್ಲಿ ಆ ಮಾರ್ಗಸೂಚಿಯನ್ನು ಹಿಂಪಡೆದರು. ಹಳೆಯ ನ್ಯಾಯವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಆ ಪಾಠ ಇನ್ನೂ ಅಚ್ಚಾಗಿಯೇ ಇದೆ, ನನ್ನ ತಲೆಮಾರಿನವರೆಲ್ಲ ಓದಿ ಪಾಸಾದದ್ದೂ ಅದನ್ನೇ.

ದೊಡ್ಡ ನಗರಗಳ ಕೆಲವು ಕಾಸ್ಮೆಟಿಕ್ ಕ್ಲಿನಿಕ್‌ಗಳು ‘ಹೈಮನೋಪ್ಲಾಸ್ಟಿ’ ಎಂದು ಜಾಹೀರಾತು ಕೊಡುವುದು ಈ ಭಯದ ಮೇಲೆಯೇ. ಹೊಲಿದರೂ ರಕ್ತ ಬಂದೇ ಬರುತ್ತದೆಂಬ ಖಾತರಿಯಿಲ್ಲ. ಮನೆಯವರಿಂದ ಪೆಟ್ಟು ತಿನ್ನುವ ಭಯದಲ್ಲಿ ಅಲ್ಲಿಗೆ ಹೋದವಳನ್ನು ನಾನು ದೂಷಿಸಲಾರೆ, ದುಡ್ಡು ಎಣಿಸಿಕೊಂಡವರ ಬಗ್ಗೆ ಆ ಸೌಜನ್ಯ ನನಗಿಲ್ಲ.

ನಮ್ಮ ಹೊರರೋಗಿ ವಿಭಾಗಗಳಲ್ಲಿ ಇದೇ ತಪ್ಪು ಹೆಚ್ಚು ಸಭ್ಯವಾದ ರೂಪದಲ್ಲಿ ದಿನವೂ ನಡೆಯುತ್ತದೆ. ಹೆಣ್ಣು ಕುರ್ಚಿಯಲ್ಲಿ ಕೂರುತ್ತಿದ್ದಂತೆ ಬರುವ ಪ್ರಶ್ನೆ ‘ಮದುವೆಯಾಗಿದೆಯಾ?’ ಎಂಬುದು, ಇಲ್ಲವೆಂದರೆ ಯೋನಿಯ ಮೂಲಕ ಮಾಡಬೇಕಾದ ಸ್ಕ್ಯಾನ್ ಆಗಲಿ, ಗರ್ಭಕೊರಳಿನ ಕ್ಯಾನ್ಸರ್ ಪತ್ತೆಯ ಪ್ಯಾಪ್ ಪರೀಕ್ಷೆಯಾಗಲಿ ಆ ಚೀಟಿಯಿಂದ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಮೂವತ್ತೈದು ದಾಟಿದ ಅವಿವಾಹಿತೆಯರ ಅಂಡಾಶಯದ ಗಡ್ಡೆ ತಡವಾಗಿ ಗೊತ್ತಾದದ್ದನ್ನು ನಾನು ಕಂಡಿದ್ದೇನೆ. ವೈದ್ಯರಿಗೆ ಬೇಕಾಗಿರುವುದು ಅವಳಿಗೆ ಲೈಂಗಿಕ ಸಂಪರ್ಕವಿದೆಯೇ, ಈ ಪರೀಕ್ಷೆಗೆ ಅವಳ ಒಪ್ಪಿಗೆಯಿದೆಯೇ ಎಂಬ ಎರಡು ಉತ್ತರಗಳು. ಅವನ್ನು ತಾಳಿ ನೋಡಿ ಊಹಿಸದೆ, ಜೊತೆಗೆ ಬಂದ ಅಮ್ಮನನ್ನೋ ಅತ್ತೆಯನ್ನೋ ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಬಾಗಿಲು ಹಾಕಿಕೊಂಡು ಅವಳನ್ನೇ ಕೇಳಬೇಕು.