ಸಂತೆ ದಿನದ ಸೂಜಿ

"ಸತ್ತವರ ಹೆಸರು ಕೆಡಿಸಬೇಡ ಕಣಮ್ಮ."

ಭಾನುವಾರ ದೊಡ್ಡಪ್ಪನ ಮಗ ಫೋನಲ್ಲಿ ಹೇಳಿದ ಮಾತಿದು. ಪಾತ್ರೆ ತೊಳೆಯುವಾಗ, ಬಸ್ಸಲ್ಲಿ ಕೂತಾಗ, ವಾರವಿಡೀ ಇದೇ ಕಿವಿಯಲ್ಲಿ. ಅಣ್ಣ ಗದರಲಿಲ್ಲ, ಮೆತ್ತಗೇ ಹೇಳಿದ. ಅದಕ್ಕೇ ಜಾಸ್ತಿ ನಾಟಿತು.

ನನಗೆ ಹೆಪಟೈಟಿಸ್ ಸಿ, ಅಂದರೆ ವೈರಸ್ಸಿನಿಂದ ಬರುವ ಲಿವರ್ ರೋಗ, ಇದೆ ಅಂತ ಗೊತ್ತಾಗಿದ್ದು ಕಳೆದ ತಿಂಗಳು. ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆ ಹೋಗಿದ್ದೆ. ಅದಕ್ಕೂ ಮೊದಲು ಮಾಡುವ ರಕ್ತಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಕಾಮಾಲೆ ಯಾವತ್ತೂ ಬಂದಿರಲಿಲ್ಲ. ಸುಸ್ತು ಇತ್ತು. ಐವತ್ತೆಂಟರ ಹೆಂಗಸು ಸುಸ್ತು ಅಂದರೆ ಯಾರು ಕೇಳ್ತಾರೆ ಹೇಳಿ? ಮೊದಲ ಪರೀಕ್ಷೆ, ಈ ವೈರಸ್ ಯಾವತ್ತೋ ಮೈಗೆ ಹೊಕ್ಕಿತ್ತು ಅಂತಷ್ಟೇ ಹೇಳುತ್ತದಂತೆ. ಕೆಲವರಲ್ಲಿ ಅದು ತಾನಾಗಿಯೇ ಹೋಗಿರುತ್ತದೆ. ಈಗಲೂ ಇದೆಯಾ ಅಂತ ನೋಡಲು ಆರ್‌ಎನ್‌ಎ ಪರೀಕ್ಷೆ. ನನ್ನಲ್ಲಿ ಇತ್ತು. ಲಿವರ್ ಸ್ವಲ್ಪ ಗಟ್ಟಿಯಾಗಿದೆ, ಸಿರೋಸಿಸ್ ತನಕ, ಅಂದರೆ ಲಿವರ್ ಗಂಟುಗಟ್ಟಿ ಹಾಳಾಗುವ ತನಕ, ಹೋಗಿಲ್ಲ ಅಂದರು.

"ಇದು ಎಲ್ಲಿಂದ ಬಂತು ಡಾಕ್ಟ್ರೇ?" ಅಂದೆ. "ಹಿಂದೆ ಯಾವತ್ತಾದ್ರೂ ರಕ್ತ ಹಾಕಿಸ್ಕೊಂಡಿದ್ರಾ?" ಅಂತ ಕೇಳಿದರು. ನಮ್ಮವರು ತಟ್ಟನೆ ತಲೆ ಎತ್ತಿದರು. 1993ರಲ್ಲಿ ಮಗನ ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ. ಆಸ್ಪತ್ರೆ ಗೇಟಿನ ಹತ್ತಿರ ದುಡ್ಡಿಗೆ ರಕ್ತ ಕೊಡುವವನೊಬ್ಬನನ್ನು ಇವರೇ ಹುಡುಕಿ ಕರೆತಂದಿದ್ದರು. ರಕ್ತ ಮಾರುವುದನ್ನು ಸುಪ್ರೀಂ ಕೋರ್ಟ್ ಆದೇಶದಂತೆ ನಿಲ್ಲಿಸಿದ್ದು 1998ರಲ್ಲಿ. ಕೊಟ್ಟ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾಗಿದ್ದು ಇನ್ನೂ ತಡ, 2001ರಲ್ಲಿ. ಆವತ್ತು ಆ ಮನುಷ್ಯ ಸಿಗದಿದ್ದರೆ ನಾನು ಇರುತ್ತಲೇ ಇರಲಿಲ್ಲ. ಅದನ್ನು ಹೇಳಿದರೂ ಇವರ ಮುಖ ಸರಿಹೋಗಲಿಲ್ಲ.

ನನಗೆ ಮಾತ್ರ ಇನ್ನೊಂದು ಅನುಮಾನ. ನಮ್ಮೂರಿನ ಡಾಕ್ಟ್ರ ಶಾಪಿನ ಬೆಂಚು. ಸ್ಟೋವಿನ ಮೇಲೆ ಸ್ಟೀಲ್ ಡಬ್ಬಿ, ಅದರೊಳಗೆ ಗಾಜಿನ ಸಿರಿಂಜು, ನಾಲ್ಕೈದು ಸೂಜಿ. ಬೇರೆ ದಿನ ಚೆನ್ನಾಗಿಯೇ ಕುದಿಸುತ್ತಿದ್ದರು. ಸಂತೆ ದಿನ ಮಾತ್ರ ಬೆಂಚು ತುಂಬಿ, ಜಗಲಿ ತುಂಬಿ, ಜನ ಮರದ ಕೆಳಗೂ ಕೂತಿರುತ್ತಿದ್ದರು. ಆವತ್ತು ಸೂಜಿಯನ್ನು ಬಿಸಿನೀರಿನಲ್ಲಿ ಒಂದು ಸಲ ಅದ್ದುವುದು, ಇನ್ನೊಬ್ಬರ ತೋಳಿಗೆ ಚುಚ್ಚುವುದು. ಟಾನ್ಸಿಲ್ ಜ್ವರ ಅಂತ ನಾನು ಎಷ್ಟು ಸಂತೆ ಆ ಬೆಂಚಿನ ಮೇಲೆ ಕಳೆದೆನೋ.

ಅವರು ದುಡ್ಡಿಗೆ ಬಾಯಿ ಬಿಟ್ಟವರಲ್ಲ. ಅರ್ಧ ಊರು ಕೊಟ್ಟಿದ್ದು ಅವರೆಕಾಯಿ, ತೆಂಗಿನಕಾಯಿ. ಮಾತ್ರೆ ಸಾಕು ಅಂತ ಅವರಂದರೆ ನಮ್ಮಜ್ಜಿ ಎದ್ದೇ ಬರುತ್ತಿರಲಿಲ್ಲ. ಸೂಜಿ ಹಾಕದ ಡಾಕ್ಟ್ರು ಎಂಥ ಡಾಕ್ಟ್ರು ಅನ್ನೋರು. ಈ ವೈರಸ್ಸನ್ನು ಪತ್ತೆಹಚ್ಚಿದ್ದೇ 1989ರಲ್ಲಿ. ಅಲ್ಲಿಯವರೆಗೆ ವೈದ್ಯರು ಅದನ್ನು 'ಎ ಅಲ್ಲದ, ಬಿ ಅಲ್ಲದ' ಹೆಪಟೈಟಿಸ್ ಅಂತ ಕರೀತಿದ್ದರು. ಹಾಗಾದರೆ ಅವರದೇನು ತಪ್ಪು ಅಂತೀರಾ? ಕುದಿಸಬೇಕು ಅನ್ನೋದು ಗೊತ್ತಿತ್ತಲ್ಲ! ಇಲ್ಲದಿದ್ದರೆ ಆ ಸ್ಟೋವ್ ಯಾಕಿತ್ತು? ಒಳ್ಳೆಯವರು, ಕೈ ಅವಸರದ್ದು. ಎರಡೂ ನಿಜ. ಎರಡನ್ನೂ ಒಟ್ಟಿಗೆ ಹೇಳಿದರೆ ಮಾತ್ರ ನಮ್ಮ ಜನಕ್ಕೆ ಆಗಲ್ಲ.

"ಎಲ್ಲಿಂದ ಬಂದಿದ್ರೂ ಮಾತ್ರೆ ಅದೇ ಮೇಡಂ, ತಲೆ ಕೆಡಿಸ್ಕೋಬೇಡಿ" ಅಂದರು ಈಗಿನ ಡಾಕ್ಟ್ರು. ಚಿಕ್ಕ ಹುಡುಗ, ಒಳ್ಳೇ ಹುಡುಗ. ಸೊಫೊಸ್ಬುವಿರ್, ಡಕ್ಲಾಟಾಸ್ವಿರ್, ದಿನಕ್ಕೊಂದು ಸಲ, 12 ವಾರ. ಮುಗಿದ ಮೇಲೆ ಇನ್ನೊಂದು 12 ವಾರ ಬಿಟ್ಟು ಪರೀಕ್ಷೆ. ಆಗ ವೈರಸ್ ಕಾಣದಿದ್ದರೆ ವಾಸಿ ಅಂತಲೇ ಲೆಕ್ಕ. ನೂರಕ್ಕೆ ತೊಂಬತ್ತೈದು ಜನಕ್ಕೆ ವಾಸಿಯಾಗುತ್ತದಂತೆ. ಅಮೆರಿಕದಲ್ಲಿ 2013ರ ಕೊನೆಗೆ ಸೊಫೊಸ್ಬುವಿರ್ ಬಂದಾಗ ಒಂದು ಮಾತ್ರೆಗೆ ಸಾವಿರ ಡಾಲರ್! ಆಮೇಲೆ ನಮ್ಮ ಕಂಪನಿಗಳಿಗೆ ತಯಾರಿಸಲು ಲೈಸೆನ್ಸ್ ಸಿಕ್ಕಿ ಬೆಲೆ ಇಳಿಯಿತು. 2018ರಿಂದ ಸರ್ಕಾರದ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ನಾನು ಜಿಲ್ಲಾಸ್ಪತ್ರೆಯಲ್ಲೇ ತಗೋತಿದ್ದೀನಿ. ಸ್ವಲ್ಪ ತಲೆನೋವು ಬಿಟ್ಟರೆ ಏನಿಲ್ಲ.

ಮನೆಯವರಿಗೂ ಮಕ್ಕಳಿಗೂ ಪರೀಕ್ಷೆ ಆಯಿತು, ಯಾರಿಗೂ ಇಲ್ಲ. ರಿಪೋರ್ಟ್ ಬರುವ ತನಕ ಮಗಳ ಮುಖ ನೋಡಲು ಆಗುತ್ತಿರಲಿಲ್ಲ. ಅವಳು ಹುಟ್ಟಿದ್ದು ನನಗೆ ರಕ್ತ ಹಾಕಿದ ಮೇಲೆ. ಓರಗಿತ್ತಿ ಮಾತ್ರ ನನಗೊಂದು ಲೋಟ ಬೇರೆ ಇಟ್ಟಿದ್ದಾಳೆ. ಇದು ಲೋಟದಿಂದ ಬರಲ್ಲ, ಒಟ್ಟಿಗೆ ಉಂಡರೆ ಬರಲ್ಲ, ರಕ್ತದಿಂದ ರಕ್ತಕ್ಕೆ ಹೋಗುವಂಥದ್ದು, ರೇಜರ್, ಉಗುರು ಕತ್ತರಿ ಹಂಚಿಕೊಳ್ಳದಿದ್ದರೆ ಸಾಕು ಅಂತೆಲ್ಲ ಹೇಳಿದೆ. "ಗೊತ್ತು ಅಕ್ಕ, ಸುಮ್ನೆ" ಅಂದಳು. ಆ ಸುಮ್ನೆಗೆ ಔಷಧಿ ಇಲ್ಲ. ಎರಡನೇ ಪಿಯುಸಿಯಲ್ಲಿ ಅವಳ ಬಯಾಲಜಿ ಮಾರ್ಕ್ಸು ಎಷ್ಟು ಅಂತ ನನಗೆ ಗೊತ್ತಿದೆ, ಹೇಳಲ್ಲ.

ಹುಡುಗ ಡಾಕ್ಟ್ರು ಹೇಳಿದ್ದು ನನ್ನ ಮಟ್ಟಿಗೆ ಸರಿ. ಎಲ್ಲಿಂದ ಬಂದರೂ ಮಾತ್ರೆ ಅದೇ. ಆದರೆ ಬೆಂಚಿನ ಮೇಲೆ ನಾನೊಬ್ಬಳೇ ಇದ್ದೆನಾ? ನನ್ನ ಹಿಂದೆ ಮುಂದೆ ಕೂತವರಿಗೆಲ್ಲ ಈಗ ಐವತ್ತೋ ಅರವತ್ತೋ. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಕೂತು ಲಿವರ್ ತಿನ್ನುವ ರೋಗ ಇದು. ನಮ್ಮೂರಲ್ಲಿ ಹೊಟ್ಟೆ ನೀರು ತುಂಬಿ ಹೋದವರನ್ನು ನೆನೆಸಿಕೊಂಡೆ. ಎಲ್ಲರನ್ನೂ ಕುಡುಕ ಅಂದು ಮುಗಿಸಿದ್ದೆವು. ನನಗೆ ನೆನಪಿರುವ ಹಾಗೆ ಅದರಲ್ಲೊಬ್ಬರು ಬೀಡಿ ಕೂಡ ಮುಟ್ಟಿದವರಲ್ಲ. ಅವರದು ಇದೇ ಅಂತ ಹೇಳಲಾರೆ. ಕುಡುಕ ಅಂತ ನಾವು ಹೇಳಿಬಿಟ್ಟೆವಲ್ಲ, ಅದು ಮಾತ್ರ ಎದೆಯಲ್ಲಿ ಕೂತಿದೆ.

ಅದಕ್ಕೇ ಅಣ್ಣನಿಗೆ ಫೋನ್ ಮಾಡಿದ್ದು. ಪಂಚಾಯ್ತಿಯಲ್ಲಿ ಅವನ ಮಾತು ನಡೆಯುತ್ತದೆ. ಆಶಾ ಕಾರ್ಯಕರ್ತೆಗೆ ಹೇಳಿ ಒಂದು ದಿನ ಎಲ್ಲರಿಗೂ ಪರೀಕ್ಷೆ ಮಾಡಿಸಣ್ಣ ಅಂದೆ. ಯಾಕೆ ಅಂದ. ಸೂಜಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅದೇ ಮಾತು.

ನಾನು ಹೆಸರು ಎತ್ತಿಯೇ ಇರಲಿಲ್ಲ. ಸಂತೆ ದಿನ ಅಂದೆ, ಬೆಂಚು ಅಂದೆ, ಅಷ್ಟೇ. ಸತ್ತವರ ಹೆಸರು ಅವನ ಬಾಯಿಂದಲೇ ಬಂತು. ಅಂದರೆ ಅವನಿಗೂ ಆ ಡಬ್ಬಿಯ ನೀರು ನೆನಪಿದೆ, ಅಲ್ವಾ? ಅವನ ಮಗಳು ಹಾವು ಕಚ್ಚಿಸಿಕೊಂಡ ರಾತ್ರಿ ಅದೇ ಡಾಕ್ಟ್ರು ಜೀಪು ಮಾಡಿಸಿ ಜೊತೆಗೆ ಹೋಗಿದ್ದರು. ಅವನ ಸಂಕಟ ಅರ್ಥವಾಗುತ್ತದೆ. ಆದರೂ ಸತ್ತವರ ಹೆಸರಿಗೆ ಇರುವ ಕಾವಲು ಬದುಕಿದವರ ಲಿವರಿಗೆ ಇಲ್ಲವಲ್ಲ ಅಂತ ಸಿಟ್ಟು ಬರುತ್ತದೆ. ಅವರಿದ್ದಿದ್ದರೆ ಪರೀಕ್ಷೆ ಮಾಡಿಸ್ಕೊಳ್ಳಿ ಅಂತ ಮೊದಲು ಅವರೇ ಅನ್ನುತ್ತಿದ್ದರು.

ನಿನ್ನೆ ಮಧ್ಯಾಹ್ನ ಅತ್ತಿಗೆ ಫೋನ್ ಮಾಡಿದರು. ಅಣ್ಣ ತೋಟಕ್ಕೆ ಹೋಗಿದ್ದ. "ನಾನೂ ಬಸುರಿಯಲ್ಲಿ ಅಲ್ಲೇ ಸೂಜಿ ಹಾಕಿಸ್ಕೊಂಡೋಳು ಕಣೆ. ಅಕ್ಕಪಕ್ಕದ ಮೂವರು ಬರ್ತೀವಿ ಅಂತಿದ್ದಾರೆ. ಎಲ್ಲಿಗೆ ಹೋಗ್ಬೇಕು, ಖಾಲಿ ಹೊಟ್ಟೇಲಿ ಹೋಗ್ಬೇಕಾ?" ಅಂದರು. ತಿಂಡಿ ತಿಂದೇ ಹೋಗಿ, ಆಧಾರ್ ಕಾರ್ಡ್ ಇಟ್ಕೊಳ್ಳಿ ಅಂದೆ.